ಮೇಜಿನ ಮೇಲೆ ಮಲಗಿದ ಪರೀಕ್ಷಕರು

ಹೆಚ್ಚುಕಡಿಮೆ ಒಂದು ತಿಂಗಳ ಹಿಂದೆ ಮದರಾಸಿನಲ್ಲಿ, ಅರವತ್ತರ ಸಮೀಪದ ಒಬ್ಬ ಹಿರಿಯ ಡಾಕ್ಟರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಬೂಟು ಕಳಚಿ ಪಕ್ಕಕ್ಕಿಟ್ಟರು. ಆಮೇಲೆ ಗೋಡೆಗೆ ಒತ್ತಿಕೊಂಡಿದ್ದ ಉದ್ದ ಮೇಜಿನ ಮೇಲೆ ಅಂಗಾತ ಮಲಗಿ, ಕಣ್ಣು ಮುಚ್ಚಿ, ಇಂಗ್ಲಿಷಿನಲ್ಲಿ ನನಗೆ ಹೇಳಿದರು: ‘ನಾನು ನಿಮ್ಮ ಊರ ಕಡೆಯ ಹೆಂಗಸು. ಇನ್ನು ಐದು ನಿಮಿಷಕ್ಕೆ ನನ್ನ ಹೊಟ್ಟೆ ಕೊಯ್ಯುತ್ತಾರೆ. ನನಗೆ ಹೆದರಿಕೆಯಾಗಿದೆ. ಮಾತಾಡಿಸಿ.’

ನಗು ಬರಬೇಕಾಗಿತ್ತು. ಬರಲಿಲ್ಲ. ನನ್ನ ಅಂಗೈ ಬೆವರಿ, ಹಿಡಿದುಕೊಂಡಿದ್ದ ಸರ್ಟಿಫಿಕೇಟುಗಳ ಅಂಚು ಒದ್ದೆಯಾಗಿತ್ತು.

ಅಂಕಣ ಯಾಕೆ ಇಷ್ಟು ವಾರ ಬರಲಿಲ್ಲ ಅಂತ ಕೆಲವರು ಕಾಗದ ಬರೆದಿದ್ದೀರಿ. ಕಾಯಿಲೆಯೇ ಅಂತ ಒಬ್ಬರು, ಮದುವೆಯೇ ಅಂತ ಮೂವರು. (ಹೆಂಗಸು ನಾಲ್ಕು ವಾರ ಕಾಣದಿದ್ದರೆ ಬೇರೆ ಕಾರಣವೇ ಇರುವುದಿಲ್ಲವೇ?) ಎರಡೂ ಅಲ್ಲ. ಇಂಟರ್‌ವ್ಯೂ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಕೊಳ್ಳೇಗಾಲದಲ್ಲಿ ರೇಷ್ಮೆ ವ್ಯಾಪಾರಿಯೊಬ್ಬರು ಕಟ್ಟಿಸಿದ ಚಿಕ್ಕದೊಂದು ಧರ್ಮಾಸ್ಪತ್ರೆಯಲ್ಲಿ ನಾನು ಡಾಕ್ಟರು. ಇಬ್ಬರೇ ಇದ್ದೇವೆ. ನಾನು, ಮತ್ತು ಇಪ್ಪತ್ತು ವರ್ಷದಿಂದ ಆಪರೇಷನ್ ಮಾಡುತ್ತಿರುವ ನಮ್ಮ ದೊಡ್ಡ ಡಾಕ್ಟರು. ಅವರು ಕೊಯ್ಯುತ್ತಾರೆ, ನೋವು ತಿಳಿಯದ ಹಾಗೆ ರೋಗಿಗೆ ಮತ್ತು ಬರಿಸುವುದು ನನ್ನ ಕೆಲಸ. ತಂತಿಯ ಚೌಕಟ್ಟಿಗೆ ತೆಳು ಬಟ್ಟೆ ಸುತ್ತಿ ರೋಗಿಯ ಮೂಗಿನ ಮೇಲೆ ಇಟ್ಟು, ಸೀಸೆಯಿಂದ ಕ್ಲೋರೋಫಾರಂ ಹನಿ ಹನಿಯಾಗಿ ಬಿಡುವುದು. ಇದನ್ನು ನನಗೆ ಯಾರೂ ಸರಿಯಾಗಿ ಕಲಿಸಿರಲಿಲ್ಲ. ಕಾಲೇಜಿನಲ್ಲಿ ನಾಲ್ಕು ದಿನ ಪಕ್ಕದಲ್ಲಿ ನಿಂತು ನೋಡಿದ್ದೆ, ಅಷ್ಟೇ.

ಮದರಾಸಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮತ್ತಿನ ಔಷಧ ಕೊಡುವುದನ್ನೇ ಕಲಿಸುವ ಎರಡು ವರ್ಷದ ತರಬೇತಿ ಶುರುವಾಗಿದೆ, ನಾಲ್ಕು ಸೀಟು ಅಂತ ತಿಳಿಯಿತು. ಅರ್ಜಿ ಹಾಕಿದೆ.

ಬೆಲ್ಲದ ಮಂಡಿ ಇಟ್ಟುಕೊಂಡಿರುವ ನಮ್ಮ ಅಪ್ಪನಿಗೆ ಇದು ಅರ್ಥವೇ ಆಗಲಿಲ್ಲ. ‘ಜನುಕ್ಕ ನಿದ್ದ ಬರ್ಸಾದ್ಕ ಎಲ್ಡ್ವರ್ಸ ಓದ್ಬೇಕಾ ಕೂಸು? ನಾನು ಮಂಡೀಲಿ ಬಾಯ್ಬುಟ್ರ ಸಾಕು, ಗಿರಾಕಿಗಳು ಕುಂತಲ್ಲೇ ತೂಕಡಿಸ್ತರ!’ ಅಂದರು.

‘ನಿದ್ದೆ ಬರಿಸೋದು ಕಷ್ಟ ಅಲ್ಲ ಅಪ್ಪಾ. ಎಬ್ಬಿಸೋದು ಕಷ್ಟ,’ ಅಂದೆ.

ಅಪ್ಪ ನಗು ಬಿಟ್ಟು ನನ್ನ ಮುಖ ನೋಡಿದರು. ಹೋದ ವರ್ಷ ನಮ್ಮ ಆಸ್ಪತ್ರೆಗೆ ಬಂದಿದ್ದ ಬಂಡಳ್ಳಿಯ ಮಾದೇವಮ್ಮನ ವಿಷಯ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಆದರೆ ಅವಳು ತೀರಿಕೊಂಡ ದಿನದಿಂದ ನಾನು ಊಟದ ಮುಂದೆ ಸುಮ್ಮನೆ ಕೂರುವುದನ್ನು ನೋಡಿದ್ದರು.

ಇಂಟರ್‌ವ್ಯೂ ಅನ್ನುವುದು ನಮಗೆ ಹೊಸದೇನಲ್ಲ, ಅಲ್ಲವೇ? ನನ್ನನ್ನೇ ಎರಡು ಸಲ ಗಂಡಿನ ಕಡೆಯವರು ಬಂದು ನೋಡಿ ಹೋಗಿದ್ದಾರೆ. ಉಪ್ಪಿಟ್ಟು ತಂದಿಟ್ಟು, ತಲೆ ತಗ್ಗಿಸಿ ಕೂತು, ಹಾಡು ಬರುತ್ತದೆಯೇ ಅಂದರೆ ಬರುತ್ತದೆ ಅಂದಿದ್ದೇನೆ. (ಬರುವುದಿಲ್ಲ.) ಎತ್ತು ಕೊಳ್ಳುವಾಗ ನಮ್ಮ ಜನ ಇಷ್ಟು ಬೇಗ ಒಪ್ಪುವುದಿಲ್ಲ. ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ, ನೊಗ ಹೂಡಿ ಒಂದು ಸಾಲು ಉತ್ತೂ ನೋಡುತ್ತಾರೆ. ಹೆಣ್ಣಿಗೆ ಅರ್ಧ ಗಂಟೆ. ಡಾಕ್ಟರಿಗೆ ಎಷ್ಟು?

ಹತ್ತು ನಿಮಿಷ. ಆ ದಿನ ವರಾಂಡದಲ್ಲಿ ಕೂತು ಲೆಕ್ಕ ಹಾಕಿದೆ. ಹನ್ನೊಂದು ಜನ ಗಂಡಸರು, ನಾನೊಬ್ಬಳು. ಒಳಗೆ ಹೋದವರು ಹತ್ತು ನಿಮಿಷಕ್ಕೆ ಸರಿಯಾಗಿ ಹೊರಗೆ. ಹೊರಗೆ ಬಂದವರನ್ನು ಉಳಿದವರು ಮುತ್ತಿಕೊಳ್ಳುವುದು: ಏನು ಕೇಳಿದರು, ಏನು ಕೇಳಿದರು? ಒಬ್ಬರಿಗೆ ಕ್ರಿಕೆಟ್ ಆಡುತ್ತೀರಾ ಅಂತ ಕೇಳಿದರಂತೆ. ಇನ್ನೊಬ್ಬರಿಗೆ ತಂದೆಯ ಹುದ್ದೆ. ಮತ್ತೊಬ್ಬರು ಬಾಯಿಪಾಠ ಮಾಡಿದ ನಾಡಿಯ ಲಕ್ಷಣಗಳನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, ‘ವೆರಿ ಗುಡ್’ ಅನ್ನಿಸಿಕೊಂಡು ಬಂದು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ನಾನು ಸರ್ಟಿಫಿಕೇಟುಗಳನ್ನು ಇನ್ನೊಂದು ಸಲ ಜೋಡಿಸಿಕೊಂಡೆ.

ಒಳಗೆ ಮೂವರು. ನಡುವೆ ಅಧ್ಯಕ್ಷರು. ಅವರ ಬಲಕ್ಕೆ ಫೈಲು ತಿರುವಿಹಾಕುತ್ತಿದ್ದ ಒಬ್ಬ ಅಧಿಕಾರಿ. ಎಡಕ್ಕೆ, ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ ಈ ವಯಸ್ಸಾದ ಡಾಕ್ಟರು.

ಮೊದಲು ಅಧಿಕಾರಿ. ‘ನೀವು ಹುಟ್ಟಿದ್ದು ಹೊನ್ನೂರು, ಯಳಂದೂರು ತಾಲ್ಲೂಕು. ಅದು ಮೈಸೂರು. ಇದು ಮದರಾಸಿನವರ ಸೀಟು.’

‘ಹೊನ್ನೂರು ನನ್ನ ತಾಯಿಯ ತೌರು ಸಾರ್. ಹೆರಿಗೆಗೆ ಹೋಗಿದ್ದರು. ಮೂರನೇ ತಿಂಗಳಿಗೆ ಕೊಳ್ಳೇಗಾಲಕ್ಕೆ ಕರೆತಂದರು. ಕೊಳ್ಳೇಗಾಲ ಮದರಾಸು ಸರ್ಕಾರಕ್ಕೇ ಸೇರಿದ್ದು.’

‘ಹಾಗಾದರೆ ಮೂರು ತಿಂಗಳು ಮೈಸೂರಿನವರು.’

ಮೂರು ತಿಂಗಳು! ನಮ್ಮ ಕಡೆ ಚೊಚ್ಚಲ ಹೆರಿಗೆ ತೌರಲ್ಲಿ ಆಗದೆ ಮತ್ತೆಲ್ಲಿ ಆಗುತ್ತದೆ? ನಡುವೆ ಇರುವುದು ಕೆಲವೇ ಮೈಲಿ. ಎರಡೂ ಕಡೆ ಅದೇ ಭತ್ತ, ಅದೇ ಮಾತು. ಹಾಗಂತ ಅಲ್ಲಿ ಹೇಳುವ ಧೈರ್ಯ ಬರಲಿಲ್ಲ. ತಹಸೀಲ್ದಾರರ ಸರ್ಟಿಫಿಕೇಟು ಮುಂದೆ ತಳ್ಳಿದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು.

ಆಮೇಲೆ ಅಧ್ಯಕ್ಷರು. ‘ಮದುವೆ ಯಾವಾಗ?’

‘ಗೊತ್ತಾಗಿಲ್ಲ ಸಾರ್.’

‘ಆದ ಮೇಲೆ ಕೆಲಸ ಬಿಡುತ್ತೀರಾ?’

‘ಇಲ್ಲ ಸಾರ್.’

‘ಎಲ್ಲರೂ ಹೀಗೇ ಹೇಳುತ್ತಾರೆ,’ ಅಂತ ನಕ್ಕು ಏನೋ ಗುರುತು ಹಾಕಿಕೊಂಡರು. ಹನ್ನೊಂದು ಗಂಡಸರಿಗೆ ಈ ಪ್ರಶ್ನೆ ಬಂದಿತ್ತೇ? ಹೊರಗೆ ಬಂದ ಮೇಲೆ ವಿಚಾರಿಸಿದೆ. ಇಲ್ಲ.

ಆರು ನಿಮಿಷ ಮುಗಿದಿತ್ತು. ಮತ್ತಿನ ಔಷಧದ ಬಗ್ಗೆ ಒಂದು ಮಾತೂ ಬಂದಿರಲಿಲ್ಲ. ಆಗ ಕಿಟಕಿಯ ಕಡೆಯಿಂದ ಆ ಹಿರಿಯರು ತಿರುಗಿದರು. ಎದ್ದರು. ಕೋಟು ಬಿಚ್ಚಿದರು.

‘ನಿಮ್ಮ ಭಾಷೆಯಲ್ಲೇ ಮಾತಾಡಿ,’ ಅಂದರು ಮಲಗಿಕೊಂಡು. ‘ನನಗೆ ಅರ್ಥವಾಗುವುದಿಲ್ಲ. ದನಿ ಕೇಳಿಸಿಕೊಳ್ಳುತ್ತೇನೆ.’

ಹತ್ತಿರ ಹೋದೆ. ನರೆತ ಹುಬ್ಬು, ಮುಚ್ಚಿದ ರೆಪ್ಪೆ. ಅವರ ಹಣೆಯ ಹತ್ತಿರ ಕೈ ತಂದೆ. ಬಾಯಿ ತಾನಾಗಿ ಆಸ್ಪತ್ರೆಯ ಮಾತಿಗೆ ಇಳಿಯಿತು.

‘ಯಾಕವ್ವಾ ಎದುರ್ಕತೀಯಾ? ಕಣ್ಮುಚ್ಕ. ಮೂಗ್ನಲ್ಲಿ ಉಸುರ್ ತಕ. ಒಂದಿಷ್ಟ್ ಸೀ ವಾಸ್ನ ಬತ್ತದ, ಅಷ್ಟೇಯ. ನಾನಿಲ್ಲೇ ಇರ್ತಿನಿ. ಏನೂ ಆಗಕ್ಕಿಲ್ಲ…’

ಅಲ್ಲಿಗೆ ನಿಂತುಬಿಟ್ಟೆ.

ಅಧಿಕಾರಿ ಕೆಮ್ಮಿದರು. ಹಿರಿಯರು ಕಣ್ಣು ತೆರೆದರು. ‘ಚೆನ್ನಾಗಿತ್ತು. ಯಾಕೆ ನಿಲ್ಲಿಸಿದಿರಿ?’

ಯಾಕೆ ಅಂದರೆ, ಆ ಕೊನೆಯ ಮಾತನ್ನು ನಾನು ಮಾದೇವಮ್ಮನಿಗೂ ಹೇಳಿದ್ದೆ.

ಮಾದೇವಮ್ಮ ಬಸ್‌ಸ್ಟಾಂಡಿನಿಂದ ಆಸ್ಪತ್ರೆಗೆ ನಡೆದುಕೊಂಡೇ ಬಂದಿದ್ದಳು, ಗಂಡನಿಗಿಂತ ಎರಡು ಹೆಜ್ಜೆ ಮುಂದೆ. ಮೂವತ್ತು ವರ್ಷ ಇರಬಹುದು. ಹೊಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ, ನೋವಿಲ್ಲ. ಅವಸರದ ಆಪರೇಷನ್ ಅಲ್ಲವೇ ಅಲ್ಲ. ನಾನು ಹನಿ ಬಿಡುತ್ತ ಹೋದೆ. ದೊಡ್ಡ ಡಾಕ್ಟರು ಕತ್ತಿ ಹಚ್ಚಿದಾಗ ಅವಳು ಅಲುಗಾಡಿದಳು. ‘ಇನ್ನೂ ಸ್ವಲ್ಪ ಹಾಕು,’ ಅಂದರು. ಹಾಕಿದೆ. ಮತ್ತೆ ಅಲುಗಾಡಿದಳು. ‘ಹಾಕು.’ ಹಾಕಿದೆ. ಆಮೇಲೆ ಅಲುಗಾಡಲಿಲ್ಲ. ಕತ್ತಿನಲ್ಲಿ ನಾಡಿ ಹುಡುಕಿದೆ, ಸಿಗಲಿಲ್ಲ. ಇಬ್ಬರೂ ಸೇರಿ ಎದೆ ಒತ್ತಿದೆವು, ಉಸಿರು ಊದಿದೆವು. ಮುಕ್ಕಾಲು ಗಂಟೆ. ದೊಡ್ಡ ಡಾಕ್ಟರು ಕೈ ತೊಳೆದುಕೊಂಡು ಬಂದು ರಿಜಿಸ್ಟರಿನಲ್ಲಿ ‘ಹೃದಯ ದೌರ್ಬಲ್ಯ’ ಅಂತ ಬರೆದರು. ಹೊರಗೆ ಕೂತಿದ್ದ ಗಂಡ ಪುಟ್ಟಮಾದಪ್ಪನಿಗೆ, ‘ನಿನ್ನ ಹೆಂಡತಿಯ ಎದೆಗೆ ಬಲ ಇರಲಿಲ್ಲಪ್ಪ,’ ಅಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನೆ ನಿಂತಿದ್ದೆ.

ಮದರಾಸಿನ ಆ ಕೋಣೆಯಲ್ಲಿ ಇದನ್ನೆಲ್ಲ ಹೇಳಿದೆ. ಹೇಳಬೇಕು ಅಂತ ಹೋಗಿರಲಿಲ್ಲ. ಹೇಳಿದ ಮೇಲೆ ಕಣ್ಣು ಅಧಿಕಾರಿಯ ಮುಂದಿನ ಫೈಲಿಗೆ ಹೋಯಿತು. ಯಾಕೆ ಅಂತೀರಾ? ನನ್ನ ಅರ್ಜಿಯ ಜೊತೆ ಮೇಜಿನ ಮೇಲಿದ್ದ ಶಿಫಾರಸು ಪತ್ರ ದೊಡ್ಡ ಡಾಕ್ಟರದೇ. ಪತ್ರ ಬರೆದುಕೊಟ್ಟವರನ್ನೇ ಪತ್ರದ ಪಕ್ಕದಲ್ಲಿ ಕೂರಿಸಿ ದೂರಿದ ಹಾಗಾಯಿತು.

‘ರಿಜಿಸ್ಟರಿನಲ್ಲಿ ಬರೆದದ್ದು ನಿಜವೇ?’ ಹಿರಿಯರು ಎದ್ದು ಕೂತು ಕೇಳಿದರು.

‘ನನಗೆ ಹಾಗನ್ನಿಸುವುದಿಲ್ಲ ಸಾರ್.’

‘ಮತ್ತಿನ ಔಷಧ ಕೊಟ್ಟವರು ಯಾರು?’

‘ನಾನು.’

ಅವರು ಬಗ್ಗಿ ಬೂಟಿನ ದಾರ ಕಟ್ಟಿಕೊಂಡರು. ನಿಧಾನವಾಗಿ. ಅಧ್ಯಕ್ಷರು, ‘ನೀವಿನ್ನು ಹೋಗಬಹುದು,’ ಅಂದರು.

ಆಮೇಲಿನ ಮೂರು ವಾರ ಹೇಗೆ ಕಳೆದೆ ಅಂತ ಕೇಳಬೇಡಿ. ಟಪಾಲಿನವನ ಸೈಕಲ್ ಬೆಲ್ ಕೇಳಿದರೆ ಬಾಗಿಲಿಗೆ ಓಡುವೆ. ಸೀಟು ಸಿಗದಿದ್ದರೆ ಎನ್ನುವ ಭಯ ಒಂದು. ಸಿಕ್ಕಿದರೆ ದೊಡ್ಡ ಡಾಕ್ಟರಿಗೆ ಹೇಗೆ ಮುಖ ತೋರಿಸಲಿ ಎನ್ನುವ ಭಯ ಅದಕ್ಕಿಂತ ದೊಡ್ಡದು. ದೊಡ್ಡ ಡಾಕ್ಟರು ದಿನಾ ಬೆಳಿಗ್ಗೆ, ‘ಮದರಾಸಿನಿಂದ ಏನಾದರೂ ಬಂತೇನಮ್ಮಾ?’ ಅಂತ ಅಕ್ಕರೆಯಿಂದ ವಿಚಾರಿಸುವರು. ನಾನು ಅವರ ಮುಖ ನೋಡದೆ ಇಲ್ಲ ಅನ್ನುವೆ. ಇಂಟರ್‌ವ್ಯೂನಲ್ಲಿ ಏನು ಕೇಳಿದರು ಅಂತ ಅವರು ಕೇಳಿದ್ದಕ್ಕೆ ಮದುವೆ, ಹೊನ್ನೂರು ಎರಡನ್ನೇ ಹೇಳಿದ್ದೆ. ಅವರು ಬಿದ್ದು ಬಿದ್ದು ನಕ್ಕಿದ್ದರು.

ಕಾಗದ ಬಂತು. ಆಯ್ಕೆಯಾಗಿದೆ. ಕೆಳಗೆ ಒಂದು ಷರತ್ತು: ನೀವು ಹೇಳಿದ ಪ್ರಕರಣವನ್ನು ವಿವರವಾಗಿ ಬರೆದು, ಶಸ್ತ್ರಕ್ರಿಯೆ ಮಾಡಿದ ವೈದ್ಯರ ಸಹಿಯೊಂದಿಗೆ ಸೇರುವ ಮೊದಲೇ ಕಳಿಸತಕ್ಕದ್ದು.

ಓದುತ್ತ ಓದುತ್ತ ಕೂತುಬಿಟ್ಟೆ. ಸಹಿ. ಅವರ ಸಹಿ!

ಎರಡು ದಿನ ಬರೆದೆ. ಈ ಇಂಗ್ಲಿಷ್ ವರದಿಗಳಲ್ಲಿ ಒಂದು ಅನುಕೂಲವಿದೆ, ನಮ್ಮ ಕಚೇರಿ ಕನ್ನಡವೂ ಅದನ್ನು ಚೆನ್ನಾಗಿ ಕಲಿತುಕೊಂಡಿದೆ. ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ. ‘ರೋಗಿ ಅಲುಗಾಡಿದ್ದರಿಂದ ಔಷಧ ಹೆಚ್ಚಿಸಲಾಯಿತು’ ಅಂತ ಬರೆದೆ. ಹೆಚ್ಚಿಸಲಾಯಿತು. ಯಾರು ಹೆಚ್ಚಿಸಿದರು? ಗಾಳಿಯೇ?

ಅದನ್ನು ತೆಗೆದುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆ. ವಿಷಯವೆಲ್ಲ ಹೇಳಿ ಕಾಗದ ಕೈಗೆ ಕೊಟ್ಟೆ. ಜಗಲಿಯ ಕುರ್ಚಿಯಲ್ಲಿ ಕೂತು ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

‘ಅಲ್ಲಿ ಹೋಗಿ ಇದನ್ನು ಹೇಳಿದೆಯಾ?’

‘ಹೇಳಿದೆ ಸಾರ್.’

‘ನನಗೆ ಒಂದು ಮಾತು ಹೇಳಲಿಲ್ಲ.’

ತಲೆ ತಗ್ಗಿಸಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ‘ಇಲ್ಲಿಟ್ಟು ಹೋಗು,’ ಅಂದರು, ಅಷ್ಟೇ.

ಮಾರನೆಯ ದಿನ ನನ್ನ ಜೊತೆ ಮಾತಾಡಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ವಾರ್ಡಿನಲ್ಲಿ ಎದುರಾದರೆ ರೋಗಿಯ ಚೀಟಿ ನೋಡುವರು. ಇಪ್ಪತ್ತು ವರ್ಷದ ಹೆಸರು. ಯಳಂದೂರಿನಿಂದ, ಅಗರದಿಂದ, ಹನೂರಿನ ಆಚೆಯ ಕಾಡಂಚಿನ ಹಳ್ಳಿಗಳಿಂದ ಜನ ಇವರ ಕೈಗುಣ ನಂಬಿ ಬರುತ್ತಾರೆ. ನನ್ನೊಂದು ಸೀಟಿಗಾಗಿ ಅದನ್ನೆಲ್ಲ ಹಾಳು ಮಾಡುತ್ತಿದ್ದೇನೆಯೇ? ಅರ್ಜಿ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಒಂದು ಕಾಗದವನ್ನೂ ಬರೆದಿಟ್ಟೆ. ಕವರಿಗೆ ಅಂಟು ಹಚ್ಚಿರಲಿಲ್ಲ.

ಮೂರನೆಯ ದಿನ ಕರೆದರು. ವರದಿ ಮೇಜಿನ ಮೇಲಿತ್ತು. ಕೆಳಗೆ ಸಹಿ. ‘ಹೆಚ್ಚಿಸಲಾಯಿತು’ ಅನ್ನುವ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಅವರ ಕೈಬರಹ: ‘ಹೆಚ್ಚಿಸು ಅಂತ ನಾನು ಎರಡು ಸಲ ಹೇಳಿದೆ. ನಾಡಿ ಹೇಗಿದೆ ಅಂತ ಒಂದು ಸಲವೂ ಕೇಳಲಿಲ್ಲ.’

ಎರಡು ಸಲ ಓದಿದೆ.

‘ಇದು ಮದರಾಸಿಗೆ ಹೋಗುವ ಮುಂಚೆ ಬಂಡಳ್ಳಿಗೆ ಹೋಗಬೇಕು,’ ಅಂದರು. ‘ಗುರುತಿಲ್ಲದ ಮೂವರಿಗೆ ತಿಳಿದದ್ದು ಮಾದೇವಮ್ಮನ ಗಂಡನಿಗೆ ತಿಳಿಯದೆ ಇರಬಾರದು. ನಾಳೆ ಬೆಳಿಗ್ಗೆ ಬಸ್ಸಿಗೆ ಬಾ.’

ಹನೂರಿನವರೆಗೆ ಬಸ್ಸು, ಅಲ್ಲಿಂದ ಎತ್ತಿನ ಗಾಡಿ. ದಾರಿಯುದ್ದಕ್ಕೂ ಅವರು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರು, ಬೆರಳಿನ ಗೆಣ್ಣು ಬೆಳ್ಳಗಾಗುವಷ್ಟು. ಆಪರೇಷನ್ ಮಾಡುವಾಗ ಆ ಕೈ ಯಾವತ್ತೂ ಹಾಗೆ ಬಿಗಿದದ್ದು ನಾನು ನೋಡಿಲ್ಲ. ಅವನು ಏನು ಮಾಡಬಹುದು? ಕೂಗಾಡಬಹುದು. ಊರು ಸೇರಿಸಬಹುದು. ಹೊಡೆದರೂ ಹೊಡೆದಾನು. ಹೊಡೆದರೆ ತಪ್ಪೇನು ಅಂತಲೂ ಅನ್ನಿಸುತ್ತಿತ್ತು.

ಪುಟ್ಟಮಾದಪ್ಪ ಕಣದಲ್ಲಿ ರಾಗಿ ತೂರುತ್ತಿದ್ದ. ನಮ್ಮನ್ನು ಕಂಡು ಮೊರ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್‌ನಿಂದ ಕಲ್ಲು ಒರೆಸಿದ. ‘ಕುಂತ್ಕಳಿ ಸಾ. ನೀನೂ ಕುಂತ್ಕ ಡಾಕ್ಟ್ರವ್ವಾ. ಅಟ್ಟಿಗೋಗನ ಅಂದ್ರ ನಮ್ಮವ್ವ ಒಬ್ಳೇ ಅವ್ಳ, ಕಣ್ ಕಾಣಕ್ಕಿಲ್ಲ.’

ದೊಡ್ಡ ಡಾಕ್ಟರು ಕೂರಲಿಲ್ಲ. ನಿಂತೇ ಹೇಳಿದರು. ‘ಪುಟ್ಟಮಾದಪ್ಪ, ಅವತ್ತು ನಿನಗೆ ಸುಳ್ಳು ಹೇಳಿದೆ. ನಿನ್ನ ಹೆಂಡತಿಯ ಎದೆ ಚೆನ್ನಾಗೇ ಇತ್ತು. ನಾವು ಕೊಟ್ಟ ಮತ್ತಿನ ಔಷಧ ಹೆಚ್ಚಾಯಿತು. ಹೆಚ್ಚು ಹಾಕು ಅಂದವನು ನಾನು.’

‘ಹಾಕಿದವಳು ನಾನು,’ ಅಂದೆ.

ಅವನು ನಮ್ಮಿಬ್ಬರನ್ನೂ ನೋಡಿದ. ಆಮೇಲೆ ತಾನೇ ಆ ಕಲ್ಲಿನ ಮೇಲೆ ಕೂತ. ತುಂಬ ಹೊತ್ತು ಒಂದು ಹಿಡಿ ರಾಗಿಯನ್ನು ಅಂಗೈಯಲ್ಲಿ ಹಾಕಿಕೊಂಡು ಉಜ್ಜುತ್ತಿದ್ದ.

‘ಅವ್ಳ ಎದ ಗಟ್ಟಿಯಾಗೇ ಇತ್ತಲ್ಲ ಸಾ,’ ಅಂದ ಕೊನೆಗೆ. ‘ತಲ ಮ್ಯಾಲೊಂದು ಬಿಂದಗ, ಸೊಂಟುದ್ ಮ್ಯಾಲೊಂದು ಬಿಂದಗ ಇಟ್ಕಂಡು ಏರಿ ಅತ್ತಿ ಬರಳು. ನೀವು ಎದ ಬಲ ಇಲ್ಲ ಅಂದ್ಬುಟ್ರಿ. ನಾನೇನಂದ್ಕಂಡಿ ಗೊತ್ತಾ? ಗಂಡ ಅನ್ನುಸ್ಕಂಡು ನಂಗೇ ಗೊತ್ತಾಗ್ನಿಲ್ವಲ್ಲ, ಅಂತೋಳ ಕೈಲಿ ಬಿಂದಗ ಒರ್ಸಿ ಒರ್ಸಿ ನಾನೇ ಸಾಯ್ಸ್ಬುಟ್ನಲ್ಲ ಅಂತ. ಒಂದ್ವರ್ಸ ಆಯ್ತು ಸಾ. ದಿನಾ ಇದ್ನೇ ಯೋಚ್ನ ಮಾಡ್ಕಂಡಿವ್ನಿ.’

ದೊಡ್ಡ ಡಾಕ್ಟರು ಕೊಡೆ ಊರಿಕೊಂಡು ಕೂತುಬಿಟ್ಟರು, ನೆಲದ ಮೇಲೆ, ರಾಗಿ ಹೊಟ್ಟಿನ ಮೇಲೆ. ಅವರ ಬಿಳಿ ಪಂಚೆಯ ತುಂಬ ಹೊಟ್ಟು. ಅವರು ಅಳುವುದನ್ನು ನಾನು ನೋಡಬಾರದಿತ್ತು. ಬೇರೆ ಕಡೆ ತಿರುಗಿದೆ.

ರಿಜಿಸ್ಟರಿನಲ್ಲಿ ಎರಡು ಪದ ಬರೆದಾಗ ನಾವು ನಮ್ಮನ್ನು ಉಳಿಸಿಕೊಂಡೆವು ಅಂತಷ್ಟೇ ತಿಳಿದಿದ್ದೆವು. ಆ ಎರಡು ಪದ ಗಾಡಿ ಹತ್ತಿ ಬಂಡಳ್ಳಿಗೆ ಬಂದು ಈ ಮನುಷ್ಯನ ಕುತ್ತಿಗೆಯ ಮೇಲೆ ಕೂತಿದ್ದವು ಅಂತ ನಮಗೆ ಯಾರು ಹೇಳಬೇಕು?

ಕ್ಷಮಿಸಿದೆ ಅಂತ ಅವನು ಅನ್ನಲಿಲ್ಲ. ನಾವೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ಕೈಯಲ್ಲಿದ್ದ ವರದಿಯ ಕಾಗದ ಯಾತಕ್ಕೆ ಅಂತ ವಿಚಾರಿಸಿದ. ಮದರಾಸಿಗೆ ಕಲಿಯಲು ಹೋಗುವ ವಿಷಯ ಹೇಳಿದೆ. ಇನ್ನು ಮುಂದೆ ಹೀಗೆ ಆಗದ ಹಾಗೆ ಮತ್ತಿನ ಔಷಧ ಕೊಡುವುದನ್ನು ಕಲಿಸುತ್ತಾರೆ, ನನ್ನನ್ನು ಪರೀಕ್ಷೆ ಮಾಡಿ ಆರಿಸಿದ್ದಾರೆ ಅಂದೆ.

‘ಕಲ್ತ್ಕಂಡ್ ಮ್ಯಾಲ ಇಲ್ಗೇ ಬತ್ತೀಯಾ ಅವ್ವಾ? ಇಲ್ಲ, ಮದರಾಸಲ್ಲೇ ನಿಂತ್ಕಂಡೀಯಾ?’

ಬಾಯಿ ತೆರೆದೆ.

‘ಈಗ್ಲೇ ಯೋಳ್ಬ್ಯಾಡ ಕಣವ್ವ,’ ಅಂದ. ‘ಗಾಡಿ ಕಟ್ಟಗಂಟ ಯೋಚ್ನ ಮಾಡ್ಕಂಡ್ ಯೋಳು.’

ಯೋಚನೆ ಮಾಡಿದೆ. ನಿಜವಾಗಿ ಮಾಡಿದೆ. ಮದರಾಸಿನ ಆಸ್ಪತ್ರೆಯ ಹೊಳೆಯುವ ಥಿಯೇಟರು ಕಣ್ಣ ಮುಂದೆ ಬಂತು. ಅಲ್ಲಿ ಕಲಿತ ಎಷ್ಟು ಜನ ಹನೂರು, ಯಳಂದೂರು ಅನ್ನುವ ಹೆಸರು ಕೇಳಿ ವಾಪಸ್ ಬಂದಾರು? ಗಾಡಿ ಹತ್ತುವಾಗ, ‘ಬತ್ತೀನಿ ಮಾದಪ್ಪಣ್ಣ,’ ಅಂದೆ. ಅವನು ನನ್ನ ಮುಖವನ್ನೇ ನೋಡಿ, ‘ನೋಡನ,’ ಅಂತ ಮೊರ ಎತ್ತಿಕೊಂಡ.

ವರದಿ ಹೋಗಿದೆ. ಬರುವ ಸೋಮವಾರ ರೈಲು. ಪೆಟ್ಟಿಗೆ ಕಟ್ಟುತ್ತಿದ್ದೇನೆ. ಹುಟ್ಟಿದ ಊರು ಕೇಳಿದರು, ಮದುವೆ ಕೇಳಿದರು, ಒಬ್ಬರಂತೂ ಮಲಗಿಕೊಂಡೇ ಕೇಳಿದರು. ಹನ್ನೆರಡು ಜನ ಡಾಕ್ಟರುಗಳನ್ನು ಎರಡು ಗಂಟೆ ಜಾಲಾಡಿದ ಆ ಮೂವರು ಪಂಡಿತರಿಗೆ, ಕಲಿತ ಮೇಲೆ ಎಲ್ಲಿಗೆ ಹೋಗುತ್ತೀರಿ ಅನ್ನುವ ಒಂದು ಪ್ರಶ್ನೆ ಯಾಕೆ ಹೊಳೆಯಲಿಲ್ಲ?